ಸ್ಕ್ಯಾನಿಗೆ ಕಾಯುವ ದಿನಗಳನ್ನು ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕು? ಸಿಟಿ, ಎಂಆರ್‌ಐ ಸೇವೆಯ ಅಧ್ಯಯನ ಮಾಡುವವರಿಗೆ

ಅನುಷಾ_ನೀತಿ
ಮೂರು ಆಸ್ಪತ್ರೆಗಳ ಸಿಟಿ ಮತ್ತು ಎಂಆರ್‌ಐ ದಾಖಲೆ ಇಟ್ಟುಕೊಂಡು, ಜನರಿಗೆ ಈ ಸೇವೆ ಎಷ್ಟರ ಮಟ್ಟಿಗೆ ಸಿಗುತ್ತಿದೆ ಎಂದು ನೋಡುವ ಅಧ್ಯಯನ ಇದು. ಎರಡು ವರ್ಷದ ರಿಸ್ (ರೇಡಿಯಾಲಜಿ ವಿಭಾಗದ ಆರ್ಡರ್, ರಿಪೋರ್ಟ್ ದಾಖಲಿಸುವ ಕಂಪ್ಯೂಟರ್ ವ್ಯವಸ್ಥೆ) ದಾಖಲೆ ಇದೆ. ರೋಗಿಯ ವಯಸ್ಸು, ಲಿಂಗ, ಅಂಚೆ ಕೋಡ್, ವೈದ್ಯರು ಸ್ಕ್ಯಾನ್ ಬರೆದ ದಿನ, ಸ್ಕ್ಯಾನ್ ಆದ ದಿನ, ರಿಪೋರ್ಟಿಗೆ ಸಹಿ ಬಿದ್ದ ಸಮಯ, ಇಷ್ಟು ಸಿಕ್ಕಿದೆ. ಕೊನೆಗೆ ಉತ್ತರ ಕೊಡಬೇಕಾದ ಪ್ರಶ್ನೆ ಒಂದೇ: ಇನ್ನೊಂದು ಯಂತ್ರ ಬೇಕೋ, ಹೆಚ್ಚು ಸಿಬ್ಬಂದಿ ಬೇಕೋ, ಇಲ್ಲಾ ಇರುವುದನ್ನೇ ಬೇರೆ ರೀತಿ ನಡೆಸಿದರೆ ಸಾಕೋ? ಬರೆದ ದಿನದಿಂದ ಸ್ಕ್ಯಾನ್ ಆದ ದಿನದವರೆಗಿನ ಸರಾಸರಿ ತೆಗೆದರೆ ಇದಕ್ಕೆ ಉತ್ತರ ಸಿಗುತ್ತದೆಯೇ?

ರೇಡಿಯೋ_ವಿವೇಕ್
ಸಿಗುವುದಿಲ್ಲ ಮೇಡಂ. ಆ ಒಂದೇ ಸಂಖ್ಯೆಯೊಳಗೆ ನಾಲ್ಕೈದು ಬೇರೆ ಬೇರೆ ವಿಳಂಬಗಳು ಸೇರಿಕೊಂಡಿರುತ್ತವೆ. ಎದೆಯ ಸಿಟಿ ಒಂದನ್ನೇ ತೆಗೆದುಕೊಳ್ಳಿ. ವೈದ್ಯರು ಬರೆಯುತ್ತಾರೆ. ಅದು ಸರಿಯಾದ ಪರೀಕ್ಷೆಯೇ, ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧಿ) ಬೇಕೇ ಎಂದು ರೇಡಿಯಾಲಜಿಸ್ಟ್ ನೋಡಿ ಒಪ್ಪಬೇಕು. ಆಮೇಲೆ ಕೌಂಟರಿನವರು ಫೋನ್ ಮಾಡಿ ದಿನ ಕೊಡಬೇಕು. ರೋಗಿ ಬರಬೇಕು, ಸ್ಕ್ಯಾನ್ ಆಗಬೇಕು, ಓದಿ ಸಹಿ ಹಾಕಬೇಕು, ಬರೆದ ವೈದ್ಯರು ರಿಪೋರ್ಟ್ ತೆರೆದು ನೋಡಬೇಕು, ಮುಂದಿನ ಹೆಜ್ಜೆ ಇಡಬೇಕು. ಒಪ್ಪಿಗೆ ಹಂತದಲ್ಲಿ ಆರು ದಿನ ಹೋಗುತ್ತಿದ್ದರೆ ಹೊಸ ಯಂತ್ರ ತಂದು ಪ್ರಯೋಜನವಿಲ್ಲ. ರಿಪೋರ್ಟಿನಲ್ಲಿ ಹೋಗುತ್ತಿದ್ದರೆ ಹೊಸ ಯಂತ್ರ ಬಂದ ಮೇಲೆ ಪರಿಸ್ಥಿತಿ ಇನ್ನೂ ಕೆಡುತ್ತದೆ, ಓದಬೇಕಾದವು ಇನ್ನಷ್ಟು ಬಂದು ಬೀಳುತ್ತವೆ.

ಎಲ್ಲಿಂದ ಎಲ್ಲಿಯವರೆಗೆ ಎಣಿಸುತ್ತೇವೆ ಎನ್ನುವುದು ಎಷ್ಟು ಮುಖ್ಯ ಎಂಬುದಕ್ಕೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ, ಪರೀಕ್ಷೆ ಆರು ವಾರದೊಳಗೆ ಆಗಬೇಕೆಂಬ ಗುರಿ ನೋಡಿ. ಕೋರಿಕೆಯ ದಿನದಿಂದ ಪರೀಕ್ಷೆ ಆಗುವವರೆಗಿನ ಕಾಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ರಿಪೋರ್ಟಿಗೆ ಹಿಡಿದ ಕಾಲ ಬರುವುದಿಲ್ಲ. ರೋಗಿ ಕೊಟ್ಟ ದಿನಕ್ಕೆ ಬಾರದಿದ್ದರೆ ಎಣಿಕೆ ಸೊನ್ನೆಯಿಂದ ಮತ್ತೆ ಶುರುವಾಗುವ ನಿಯಮವೂ ಅಲ್ಲಿ ಬಹಳ ವರ್ಷ ನಡೆಯಿತು. ಬಸ್ಸು ತಪ್ಪಿದ್ದಕ್ಕೋ ರಜೆ ಸಿಗದಿದ್ದಕ್ಕೋ ಬಾರದವರು ಇಂಥ ಲೆಕ್ಕದಲ್ಲಿ ಹೊಸದಾಗಿ ಬಂದವರಂತೆ ಕಾಣುತ್ತಾರೆ. ಹೆಚ್ಚು ಕಷ್ಟದಲ್ಲಿ ಇರುವವರ ಕಾಯುವಿಕೆಯೇ ಲೆಕ್ಕದಿಂದ ಮಾಯವಾಗುತ್ತದೆ. ನಿಮ್ಮ ಅಧ್ಯಯನದಲ್ಲಿ ಆ ತಪ್ಪು ಆಗಕೂಡದು.

ಪ್ಯಾಕ್ಸ್_ಕೋಣೆ
ದಾಖಲೆಯ ಬಗ್ಗೆ ಕೆಲವು ಎಚ್ಚರಿಕೆ. ರಿಸ್‌ನಲ್ಲಿ ಕಾಣುವ "ಆರಂಭ", "ಮುಕ್ತಾಯ" ಸಮಯಗಳು ಟೆಕ್ನಿಷಿಯನ್ ಬಟನ್ ಒತ್ತಿದ ಸಮಯಗಳು. ಕೆಲಸದ ಒತ್ತಡ ಇದ್ದ ದಿನ ನಾಲ್ಕು ರೋಗಿಗಳನ್ನು ಒಟ್ಟಿಗೆ ಮುಗಿಸಿ ಸಾಲಾಗಿ ಒತ್ತಿರುತ್ತಾರೆ. ಸ್ಕ್ಯಾನ್ ಎಷ್ಟು ಹೊತ್ತಿಗೆ ನಡೆಯಿತು ಎಂದು ತಿಳಿಯಲು ಡೈಕಾಮ್ ಹೆಡರಿನಲ್ಲಿ (ಪ್ರತಿ ಚಿತ್ರದ ಕಡತದ ಜೊತೆ ಇರುವ ಮಾಹಿತಿ) 0008,0032 ಟ್ಯಾಗ್ ನೋಡಿ, ಅದು ಚಿತ್ರ ತೆಗೆದ ಸಮಯ. ಮೊದಲ ಸೀರೀಸಿನ (ಒಂದು ಸ್ಕ್ಯಾನಿನೊಳಗಿನ ಚಿತ್ರಗಳ ಒಂದು ಗುಂಪು) ಮೊದಲ ಚಿತ್ರ ಮತ್ತು ಕೊನೆಯ ಸೀರೀಸಿನ ಕೊನೆಯ ಚಿತ್ರ ಹಿಡಿದರೆ ಯಂತ್ರ ದುಡಿದ ಕಾಲ ಸಿಗುತ್ತದೆ. ಆದರೆ ಯಂತ್ರದ ಗಡಿಯಾರ ಮತ್ತು ರಿಸ್ ಸರ್ವರಿನ ಗಡಿಯಾರ ಒಂದೇ ಸಮಯ ತೋರಿಸುತ್ತಿವೆಯೇ ಎಂದು ಮೊದಲು ಪರೀಕ್ಷಿಸಿ. ಎರಡನ್ನೂ ಗಡಿಯಾರ ಹೊಂದಿಸುವ ಒಂದೇ ಎನ್‌ಟಿಪಿ ಸರ್ವರಿಗೆ ಜೋಡಿಸದಿದ್ದರೆ ಕೆಲವು ನಿಮಿಷಗಳ ವ್ಯತ್ಯಾಸ ಸಾಮಾನ್ಯ. ರೋಗಿ ಬರುವ ಮುಂಚೆಯೇ ಸ್ಕ್ಯಾನ್ ಆದ ಹಾಗೆ ಕಾಣುವ ಸಾಲುಗಳಿಗೆ ಹೆಚ್ಚಾಗಿ ಇದೇ ಕಾರಣ.

ಎದೆ, ಹೊಟ್ಟೆ, ಪೆಲ್ವಿಸ್ ಒಂದೇ ಸಲ ಸಿಟಿ ಮಾಡಿದರೂ ಮೂರು ಆಕ್ಸೆಷನ್ ನಂಬರ್ (ಪ್ರತಿ ಆರ್ಡರಿಗೆ ಸಿಗುವ ಕ್ರಮಸಂಖ್ಯೆ) ಹುಟ್ಟಬಹುದು. ಹಾಗೇ ಎಣಿಸಿದರೆ ಒಬ್ಬ ರೋಗಿ ಮೂವರಾಗುತ್ತಾನೆ. ಸ್ಟಡಿ ಯುಐಡಿ (ಒಂದು ಪರೀಕ್ಷೆಯ ಎಲ್ಲ ಚಿತ್ರಗಳಿಗೂ ಒಂದೇ ಇರುವ ಗುರುತು ಸಂಖ್ಯೆ), ಇಲ್ಲವಾದರೆ ಅದೇ ರೋಗಿ, ಅದೇ ಯಂತ್ರ, 30 ನಿಮಿಷದೊಳಗೆ ಎಂಬ ನಿಯಮದಿಂದ ಒಂದು ಭೇಟಿಯಾಗಿ ಕೂಡಿಸಿ.

ಬೇರೆ ಆಸ್ಪತ್ರೆಯಿಂದ ಸಿಡಿಯಲ್ಲಿ ತಂದು ಪ್ಯಾಕ್ಸ್‌ಗೆ (ಆಸ್ಪತ್ರೆಯ ಚಿತ್ರಗಳ ಸಂಗ್ರಹ) ಸೇರಿಸಿದ ಹಳೆಯ ಸ್ಕ್ಯಾನುಗಳನ್ನು ಬೇರ್ಪಡಿಸಿ. ಅವುಗಳ ದಿನಾಂಕ ಆರ್ಡರಿಗಿಂತ ಹಿಂದಿನದು, ಹಾಗಾಗಿ ಕಾಯುವ ದಿನ ಮೈನಸ್‌ಗೆ ಹೋಗುತ್ತದೆ. ಅಂಥ ಸಾಲನ್ನು ಸುಮ್ಮನೆ ಅಳಿಸಬೇಡಿ, ಗುರುತು ಹಾಕಿ ಇಟ್ಟುಕೊಳ್ಳಿ. ಬೇರೆ ಕಡೆ ಒಮ್ಮೆ ಆದ ಸ್ಕ್ಯಾನ್ ಇಲ್ಲಿ ಮತ್ತೆ ಆಯಿತೇ ಎಂದು ನೋಡಲು ಆಮೇಲೆ ಅದೇ ಬೇಕಾಗುತ್ತದೆ.

ಡೇಟಾ_ಶಾರದಾ
ನಾನು ಎರಡು ವಿಷಯ ಸೇರಿಸುತ್ತೇನೆ, ಎರಡೂ ಫಲಿತಾಂಶವನ್ನೇ ತಿರುಗಿಸಿಬಿಡಬಲ್ಲವು.

ಮೊದಲನೆಯದು, ಬೇಕೆಂದೇ ಮುಂದಕ್ಕೆ ಇಟ್ಟ ಸ್ಕ್ಯಾನುಗಳು. ಶ್ವಾಸಕೋಶದ ಗಂಟಿಗೆ ಆರು ತಿಂಗಳ ನಂತರ ಮತ್ತೆ ಸಿಟಿ ಎಂದು ಇವತ್ತೇ ಆರ್ಡರ್ ಹಾಕಿದರೆ ನಿಮ್ಮ ಲೆಕ್ಕದಲ್ಲಿ ಅದು 180 ದಿನ ಕಾಯ್ದಂತೆ ಬರುತ್ತದೆ. ರೋಗಿ ಒಂದು ದಿನವೂ ಕಾಯ್ದಿಲ್ಲ. ಆರ್ಡರಿನಲ್ಲಿ "ಯಾವಾಗ ಆಗಬೇಕು" ಎಂಬ ಕಾಲಂ ಸಾಮಾನ್ಯವಾಗಿ ಇರುತ್ತದೆ, ಎಣಿಕೆ ಅಲ್ಲಿಂದ ಶುರುವಾಗಲಿ. ಅದು ಖಾಲಿ ಇದ್ದರೆ ಆರ್ಡರಿನ ಕಾರಣದ ಬರಹ ಓದಬೇಕು.

ಎರಡನೆಯದು, ಇನ್ನೂ ಕಾಯುತ್ತಿರುವವರು. ನಿಮ್ಮ ಕಡತದಲ್ಲಿ ಸ್ಕ್ಯಾನ್ ಆದ ದಿನ ಇರುವವರು ಮಾತ್ರ ಇದ್ದರೆ ಲೆಕ್ಕ ಮೊದಲೇ ತಪ್ಪಿದೆ. 100 ಆರ್ಡರುಗಳಲ್ಲಿ 60 ಮಂದಿಗೆ ಹತ್ತು ದಿನದೊಳಗೆ ಆಗಿ, 40 ಮಂದಿ 45ನೇ ದಿನಕ್ಕೂ ಕಾಯುತ್ತಿದ್ದಾರೆ ಅಂದುಕೊಳ್ಳಿ. ಆದವರ ಸರಾಸರಿ ಹತ್ತರ ಒಳಗೇ ಬರುತ್ತದೆ, ಸೇವೆ ಚೆನ್ನಾಗಿದೆ ಎಂದು ವರದಿಯಾಗುತ್ತದೆ. ಆದ್ದರಿಂದ ಸ್ಕ್ಯಾನ್ ಕಡತದ ಬದಲು ಆರ್ಡರ್ ಕಡತ ಕೇಳಿ ಪಡೆಯಿರಿ. ಅದರ ಮೇಲೆ ಕಪ್ಲಾನ್–ಮೇಯರ್ ರೇಖೆ (ದಿನ ಕಳೆದಂತೆ ಎಷ್ಟು ಪಾಲು ಜನ ಇನ್ನೂ ಕಾಯುತ್ತಿದ್ದಾರೆ ಎಂದು ತೋರಿಸುವುದು) ಎಳೆದರೆ ಕಾಯುತ್ತಿರುವವರೂ ಲೆಕ್ಕಕ್ಕೆ ಬರುತ್ತಾರೆ. ಸರಾಸರಿ ಬಿಟ್ಟು ಮೀಡಿಯನ್ (ಅರ್ಧದಷ್ಟು ಜನರಿಗೆ ಸ್ಕ್ಯಾನ್ ಆಗಿರುವ ದಿನ) ಮತ್ತು 90ನೇ ಪರ್ಸೆಂಟೈಲ್ (ನೂರಕ್ಕೆ 90 ಜನರಿಗೆ ಆಗಿರುವ ದಿನ) ಕೊಡಿ. ಈ ಉದಾಹರಣೆಯಲ್ಲಿ 90ನೇ ಪರ್ಸೆಂಟೈಲ್ ಇನ್ನೂ ಬಂದೇ ಇಲ್ಲ, ಅದನ್ನು ಹಾಗೆಯೇ ಬರೆಯಬೇಕು.

ಅನುಷಾ_ನೀತಿ
ಆರ್ಡರ್ ಕಡತ ಕೇಳುತ್ತೇನೆ. ಆರ್ಡರ್ ರದ್ದಾದವರನ್ನು ಏನು ಮಾಡಲಿ? ಸೆನ್ಸಾರ್ ಮಾಡಿದರೆ, ಅಂದರೆ ರದ್ದಾದ ದಿನದಿಂದ ಲೆಕ್ಕದಿಂದ ಹೊರಗಿಟ್ಟರೆ, ಸರಿಯೇ?

ಡೇಟಾ_ಶಾರದಾ
ಬೇಡ. ಸೆನ್ಸಾರ್ ಮಾಡಿದರೆ, ಅವರಿಗೂ ಮುಂದೆ ಉಳಿದವರಂತೆಯೇ ಸ್ಕ್ಯಾನ್ ಆಗುತ್ತಿತ್ತು ಎಂದು ಊಹಿಸಿದ ಹಾಗೆ. ತೀರಿಹೋದವರಿಗೆ, ಬೇರೆ ಕಡೆ ಮಾಡಿಸಿಕೊಂಡವರಿಗೆ, ಬೇಡವೆಂದು ಬಿಟ್ಟವರಿಗೆ ಅದು ನಿಜವಲ್ಲ. ಇವನ್ನು ಸ್ಪರ್ಧಿಸುವ ಘಟನೆಗಳಾಗಿ (ಆದರೆ ಸ್ಕ್ಯಾನ್ ಆಗದಂತೆ ತಡೆಯುವವು) ಇಟ್ಟು, ಪ್ರತಿಯೊಂದರ ಸಂಚಿತ ಪ್ರಮಾಣ ತೋರಿಸಿ. 30ನೇ ದಿನಕ್ಕೆ ಇಷ್ಟು ಜನರಿಗೆ ಸ್ಕ್ಯಾನ್ ಆಯಿತು, ಇಷ್ಟು ಜನರದು ರದ್ದಾಯಿತು, ಇಷ್ಟು ಜನ ಕಾಯುತ್ತಿದ್ದಾರೆ ಎಂಬ ಒಂದು ಚಿತ್ರ ಸಾಕು, ಆಡಳಿತದವರಿಗೂ ಅರ್ಥವಾಗುತ್ತದೆ.

ರದ್ದಾದದ್ದೆಲ್ಲ ನಿಜವಾಗಿ ರದ್ದಲ್ಲ ಎನ್ನುವುದೂ ನೆನಪಿರಲಿ. ಕಾಂಟ್ರಾಸ್ಟ್ ಇಲ್ಲದ್ದನ್ನು ಕಾಂಟ್ರಾಸ್ಟ್ ಇರುವುದಕ್ಕೆ ಬದಲಿಸಲು ಹಳೆಯ ಆರ್ಡರ್ ರದ್ದು ಮಾಡಿ ಹೊಸದು ಹಾಕುತ್ತಾರೆ. ಅದೇ ರೋಗಿ, ಅದೇ ಅಂಗ, 30 ದಿನದೊಳಗೆ ಹೊಸ ಆರ್ಡರ್ ಇದ್ದರೆ ಎರಡನ್ನೂ ಹೊಲಿದು ಮೊದಲ ದಿನದಿಂದಲೇ ಎಣಿಸಿ.

ಸರದಿ_ಲೆಕ್ಕ
ಯಂತ್ರವೋ ಸಿಬ್ಬಂದಿಯೋ ಎಂಬ ಮೂಲ ಪ್ರಶ್ನೆಗೆ ಬರೋಣ. ಯಂತ್ರಗಳ ಸಂಖ್ಯೆ ಹೇಳುವುದು ಬಹಳ ಕಡಿಮೆ. ಸಿಬ್ಬಂದಿ ಇರುವ ಗಂಟೆ ಎಷ್ಟು ಎಂದು ಎಣಿಸಬೇಕು.

ಒಂದು ಎಂಆರ್‌ಐ ದಿನಕ್ಕೆ 12 ಗಂಟೆ, ವಾರಕ್ಕೆ 6 ದಿನ ಅಂದರೆ 72 ಗಂಟೆ. ಬೆಳಗಿನ ಗುಣಮಟ್ಟ ಪರೀಕ್ಷೆಗೆ ದಿನಾ ಅರ್ಧ ಗಂಟೆ ಬಿಟ್ಟರೆ 69. ಅರ್ಧ ಗಂಟೆಗೆ ಒಬ್ಬರಂತೆ 138 ಸ್ಲಾಟ್. ನೂರಕ್ಕೆ ಹತ್ತು ಜನ ಬಾರದಿದ್ದರೆ ಉಳಿಯುವುದು 124. ವಾರಕ್ಕೆ ಬರುವ ಆರ್ಡರ್ 130 ಇದ್ದರೆ ಪ್ರತಿ ವಾರ 6 ಬಾಕಿ ಬೆಳೆಯುತ್ತದೆ, ವರ್ಷದ ಕೊನೆಗೆ 300 ದಾಟುತ್ತದೆ. ಬಾರದವರ ಪ್ರಮಾಣವನ್ನು ಹತ್ತರಿಂದ ಐದಕ್ಕೆ ಇಳಿಸಿದರೆ 131 ಸಿಗುತ್ತದೆ. ಬಾಕಿ ಬೆಳೆಯುವುದು ನಿಂತಿತು, ಆದರೆ ಇರುವ 300 ಕರಗಲಿಲ್ಲ. ಅದನ್ನು ಕರಗಿಸಲು ವಾರಕ್ಕೆ 5 ಹೆಚ್ಚುವರಿ ಸ್ಲಾಟ್ ಕೊಟ್ಟರೆ 60 ವಾರ ಬೇಕು.

ಇಲ್ಲಿ ಆಡಳಿತಗಳು ಎರಡು ರೋಗಕ್ಕೆ ಒಂದೇ ಔಷಧಿ ಕೊಡುತ್ತವೆ. ಹಳೆಯ ಬಾಕಿ ಒಂದು ಸಲದ ಸಮಸ್ಯೆ, ಭಾನುವಾರದ ವಿಶೇಷ ಪಾಳಿ ನಡೆಸಿ ತೀರಿಸಬಹುದು. ವಾರವಾರದ ಕೊರತೆ ಶಾಶ್ವತ ಸಮಸ್ಯೆ, ಅದಕ್ಕೆ ಶಾಶ್ವತ ಸ್ಲಾಟುಗಳೇ ಬೇಕು. ವಿಶೇಷ ಪಾಳಿ ಮಾಡಿ ಕೊರತೆ ಹಾಗೇ ಬಿಟ್ಟರೆ ಮೇಲಿನ ಲೆಕ್ಕದಂತೆ ಸುಮಾರು ಒಂದು ವರ್ಷದಲ್ಲಿ ಸಾಲು ಮೊದಲಿನ ಉದ್ದಕ್ಕೆ ಬರುತ್ತದೆ.

ಯಂತ್ರ ನೂರಕ್ಕೆ ನೂರು ತುಂಬಿರುವುದನ್ನು ದಕ್ಷತೆ ಎಂದು ಕರೆಯುವುದೂ ತಪ್ಪು. ಜನ ಒಂದೇ ಸಮನಾಗಿ ಬರುವುದಿಲ್ಲ. ಸರದಿ ಶಾಸ್ತ್ರದ ಅತಿ ಸರಳ ಮಾದರಿಯಲ್ಲಿ, ಒಬ್ಬರ ಕೆಲಸ ಮುಗಿಸಲು ಹಿಡಿಯುವ ಕಾಲವನ್ನು ಒಂದು ಅಂತ ಇಟ್ಟರೆ, ಬಳಕೆ 80% ಇರುವಾಗ ಕಾಯುವುದು 4 ಪಟ್ಟು, 90% ಇರುವಾಗ 9 ಪಟ್ಟು, 95% ಇರುವಾಗ 19 ಪಟ್ಟು. ಅಪಾಯಿಂಟ್‌ಮೆಂಟ್ ಕೊಡುವ ಕಡೆ ಈ ಅಂಕಿಗಳು ಹಾಗೇ ಹೊಂದುವುದಿಲ್ಲ, ಆದರೆ ರೇಖೆ ಮೇಲಕ್ಕೆ ಬಾಗುವ ರೀತಿ ಅದೇ. ಮೇಲಿನ ಲೆಕ್ಕದ 131ಕ್ಕೆ 130 ಎಂದರೆ 99%. ಒಂದು ದಿನ ಯಂತ್ರ ಕೆಟ್ಟರೂ ಅದರ ಪೆಟ್ಟು ತಿಂಗಳುಗಟ್ಟಲೆ ಉಳಿಯುತ್ತದೆ.

ದಿನನಿತ್ಯ ಗಮನಿಸಲು ಒಂದೇ ಅಳತೆ ಬೇಕೆಂದರೆ, ಖಾಲಿ ಇರುವ ಮೂರನೇ ಸ್ಲಾಟ್ ಎಷ್ಟು ದಿನದ ಆಚೆ ಇದೆ ಎಂದು ಪ್ರತಿ ಸೋಮವಾರ ಬೆಳಗ್ಗೆ ಒಂದೇ ಹೊತ್ತಿಗೆ ಬರೆದಿಡಿ. ಮೊದಲ, ಎರಡನೇ ಸ್ಲಾಟುಗಳು ಯಾರೋ ಆಗತಾನೇ ಬಿಟ್ಟುಕೊಟ್ಟವು ಇರಬಹುದು, ಮೂರನೆಯದು ವೇಳಾಪಟ್ಟಿಯ ನಿಜಸ್ಥಿತಿ ತೋರಿಸುತ್ತದೆ. ಮೆದುಳು, ಮಂಡಿ, ಹೃದಯ ಪ್ರತಿಯೊಂದಕ್ಕೂ ಬೇರೆ ಬೇರೆ ಬರೆಯಬೇಕು. ಹೃದಯದ ಎಂಆರ್‌ಐಗೆ ಒಂದು ಗಂಟೆಯ ಸ್ಲಾಟ್ ಬೇಕು, ಅರ್ಧ ಗಂಟೆಯ ಖಾಲಿ ಜಾಗ ಅದಕ್ಕೆ ಉಪಯೋಗವಿಲ್ಲ.

ಟೆಕ್_ಮಂಜು
ಸರದಿ ಲೆಕ್ಕದವರು "ಬಾರದವರು" ಎಂದು ಒಟ್ಟಿಗೆ ಹಾಕಿದ್ದನ್ನು ಬಿಡಿಸಲೇಬೇಕು. ರಿಸ್‌ನಲ್ಲಿ ಒಂದೇ "ರದ್ದು" ಎಂಬ ಹೆಸರಿನಡಿ ನಾಲ್ಕು ಬೇರೆ ಸಂಗತಿಗಳಿವೆ: ರೋಗಿ ಬರಲೇ ಇಲ್ಲ, ಬಂದವರನ್ನು ವಾಪಸ್ ಕಳಿಸಿದೆವು, ಸ್ಕ್ಯಾನ್ ಅರ್ಧಕ್ಕೆ ನಿಂತಿತು, ಯಂತ್ರ ಕೆಟ್ಟಿತ್ತು. ಎರಡನೆಯದಕ್ಕೆ ರೋಗಿಯ ತಪ್ಪು ಏನೂ ಇಲ್ಲ.

ಎಂಆರ್‌ಐ ಬಾಗಿಲಲ್ಲಿ ಹೆಚ್ಚಾಗಿ ನಡೆಯುವುದು ಇದು. ಪೇಸ್‌ಮೇಕರ್ ಇದೆ, ಅಥವಾ ಮೆದುಳಿನ ಅನ್ಯೂರಿಸಂಗೆ (ರಕ್ತನಾಳದ ಉಬ್ಬು) ಕ್ಲಿಪ್ ಹಾಕಿದ್ದಾರೆ, ಆದರೆ ಯಾವ ಕಂಪನಿಯದು, ಯಾವ ಮಾಡೆಲ್ ಎಂಬ ಚೀಟಿ ಇಲ್ಲ. ಚೀಟಿ ಇಲ್ಲದೆ ಒಳಗೆ ಬಿಡುವ ಹಾಗಿಲ್ಲ, ಬಿಡಲೂಬಾರದು. ಆದರೆ ಆ ಪ್ರಶ್ನೆಯನ್ನು ಸ್ಕ್ಯಾನ್ ದಿನ ಕೇಳುವುದೇ ತಪ್ಪು. ದಿನ ಕೊಡುವಾಗ ಒಮ್ಮೆ, ಮೂರು ದಿನ ಮೊದಲು ಫೋನಿನಲ್ಲಿ ಇನ್ನೊಮ್ಮೆ ಕೇಳಿದರೆ ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಯಿಂದ ದಾಖಲೆ ತರಿಸಿಕೊಳ್ಳಲು ಸಮಯ ಇರುತ್ತದೆ. ಸಿಗದಿದ್ದರೆ ಆ ಸ್ಲಾಟ್ ಇನ್ನೊಬ್ಬರಿಗೆ ಸಿಗುತ್ತದೆ.

ಸಿಟಿ ಕಾಂಟ್ರಾಸ್ಟಿನಲ್ಲಿ ಬೇಡದ ಅಡೆತಡೆಗಳು ಬಹಳ. ಎಲ್ಲರಿಗೂ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ರಿಪೋರ್ಟ್ ತನ್ನಿ ಎನ್ನುವುದು ಒಂದು. ನಿಜವಾದ ಚಿಂತೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆ ಇರುವವರದು ಮತ್ತು ಕಿಡ್ನಿಗೆ ಹಠಾತ್ ಪೆಟ್ಟು ಬಿದ್ದವರದು. ಕಿಡ್ನಿ ತೊಂದರೆ ಹಿಂದೆ ಇತ್ತೇ ಎಂದು ಕೇಳಿ, ಇದ್ದವರಿಗೆ ಮಾತ್ರ ರಕ್ತ ಪರೀಕ್ಷೆ ಹೇಳಿದರೆ ಉಳಿದವರಿಗೆ ಒಂದು ಓಡಾಟ ತಪ್ಪುತ್ತದೆ. ಈಗ ಬಳಸುವ ಅಯೋಡಿನ್ ಕಾಂಟ್ರಾಸ್ಟಿಗೆ ಉಪವಾಸ ಬೇಕಿಲ್ಲ ಎಂದು ಯುರೋಪಿನ ರೇಡಿಯಾಲಜಿ ತಜ್ಞರ ಸಂಘ ಇಎಸ್‌ಯುಆರ್‌ನ ಮಾರ್ಗಸೂಚಿ ಹೇಳುತ್ತದೆ. ಸೀಗಡಿ, ಏಡಿ ತಿಂದರೆ ಅಲರ್ಜಿ ಆಗುವವರಿಗೆ ಕಾಂಟ್ರಾಸ್ಟ್ ಕೊಡಬಾರದು ಎಂಬುದಕ್ಕೂ ಆಧಾರವಿಲ್ಲ. ಆದರೂ ತಿಂಡಿ ತಿಂದು ಬಂದರು ಎಂಬ ಕಾರಣಕ್ಕೆ, ಏಡಿ ಅಲರ್ಜಿ ಎಂಬ ಕಾರಣಕ್ಕೆ ವಾಪಸ್ ಕಳಿಸುವ ಪದ್ಧತಿ ಉಳಿದುಕೊಂಡಿದೆ. ಈ ವಾಪಸಾತಿಗಳನ್ನು ಎಣಿಸಿದರೆ ಹೊಸ ಯಂತ್ರವಿಲ್ಲದೆ ಎಷ್ಟು ಸ್ಲಾಟ್ ಉಳಿಸಬಹುದೆಂದು ಗೊತ್ತಾಗುತ್ತದೆ.

ಇಕ್ಕಟ್ಟಿನ ಭಯ ಇರುವವರ ವಿಷಯವೂ ಹೀಗೇ. 70 ಸೆಂ.ಮೀ. ಬಾಯಿಯ ಯಂತ್ರ ಇದ್ದರೆ ಅವರನ್ನು ಮೊದಲೇ ಅದಕ್ಕೆ ಹಾಕಿ. 60 ಸೆಂ.ಮೀ. ಯಂತ್ರದಲ್ಲಿ ಮಲಗಿಸಿ, ಅವರು ಗಾಬರಿಯಾಗಿ ಎದ್ದು, ಆಮೇಲೆ ಅರಿವಳಿಕೆ ವೈದ್ಯರ ದಿನಕ್ಕೆ ಕಾಯಿಸಿದರೆ ಅದು ಎರಡನೇ ಸರದಿ, ಮೊದಲನೆಯದಕ್ಕಿಂತ ಉದ್ದ.

ನಕ್ಷೆ_ಗುರು
ಅಂಚೆ ಕೋಡ್ ಇದೆ ಎಂದಿರಿ. ನೇರ ಗೆರೆಯ ದೂರ ತೆಗೆಯಬೇಡಿ, ಪ್ರಯಾಣದ ಸಮಯ ತೆಗೆಯಿರಿ. ಕಾರಿನದು ಒಂದು, ಬಸ್ಸು ರೈಲಿನದು ಇನ್ನೊಂದು. ಆಮೇಲೆ ಎರಡು ಹೆಜ್ಜೆಯ ಕ್ಯಾಚ್‌ಮೆಂಟ್ ವಿಧಾನ ಬಳಸಬಹುದು. ಮೊದಲ ಹೆಜ್ಜೆಯಲ್ಲಿ ಪ್ರತಿ ಸ್ಕ್ಯಾನ್ ಕೇಂದ್ರದಿಂದ 60 ನಿಮಿಷದೊಳಗಿನ ಜನಸಂಖ್ಯೆ ಕೂಡಿಸಿ, ಆ ಕೇಂದ್ರದ ಸಾಮರ್ಥ್ಯವನ್ನು ಅದರಿಂದ ಭಾಗಿಸಿ. ಎರಡನೇ ಹೆಜ್ಜೆಯಲ್ಲಿ ಪ್ರತಿ ಊರಿನಿಂದ 60 ನಿಮಿಷದೊಳಗೆ ಸಿಗುವ ಕೇಂದ್ರಗಳ ಈ ಅನುಪಾತಗಳನ್ನೆಲ್ಲ ಕೂಡಿಸಿ. ಸಾಮರ್ಥ್ಯ ಅಂದಾಗ ಯಂತ್ರದ ಸಂಖ್ಯೆ ಹಾಕದೆ ಮೇಲೆ ಹೇಳಿದ ವಾರದ ಸ್ಲಾಟುಗಳನ್ನು ಹಾಕಿ, ನಕ್ಷೆಯೇ ಬದಲಾಗುತ್ತದೆ. ಜನಸಂಖ್ಯೆಯೂ ಪರೀಕ್ಷೆಗೆ ತಕ್ಕ ವಯಸ್ಸಿನವರದಾಗಿರಲಿ.

ಈ ವಿಧಾನದ ದೌರ್ಬಲ್ಯ ಅಂಚಿನಲ್ಲಿದೆ. 59 ನಿಮಿಷದಲ್ಲಿ ಇರುವವರಿಗೆ ಪೂರ್ತಿ ಸೇವೆ, 61ರಲ್ಲಿ ಇರುವವರಿಗೆ ಏನೂ ಇಲ್ಲ ಎಂದು ಬರುತ್ತದೆ. ದೂರ ಹೆಚ್ಚಿದಂತೆ ತೂಕ ಇಳಿಸುವ ರೂಪ ಬಳಸಿ, ಮಿತಿಯನ್ನು 30 ಮತ್ತು 90ಕ್ಕೂ ಬದಲಿಸಿ ನೋಡಿ. ಅಂಚೆ ಕೋಡಿನ ಸರಾಸರಿ ಆದಾಯವನ್ನು ಅಲ್ಲಿರುವ ಒಬ್ಬೊಬ್ಬರ ಆದಾಯ ಎಂದು ಬರೆಯಬೇಡಿ.

ನಿಮ್ಮ ದಾಖಲೆಯಲ್ಲಿ ಎಂದೂ ಕಾಣಿಸಿಕೊಳ್ಳದವರ ಮಾತು ಇನ್ನೂ ಉಳಿದಿದೆ. ವೈದ್ಯರ ಹತ್ತಿರವೇ ಹೋಗಲಾಗದವರಿಗೆ ಆರ್ಡರ್ ಇಲ್ಲ, ಆರ್ಡರ್ ಇಲ್ಲದವರಿಗೆ ಕಾಯುವ ದಿನವೂ ಇಲ್ಲ. ದೂರದ ಊರಿನವರು ಕಡಿಮೆ ದಿನ ಕಾಯುತ್ತಾರೆ ಎಂಬ ಫಲಿತಾಂಶ ಬಂದರೆ ಸಂತೋಷಪಡುವ ಮೊದಲು ಸಾವಿರ ಜನಕ್ಕೆ ಎಷ್ಟು ಆರ್ಡರ್ ಎಂದು ಊರುವಾರು ನೋಡಿ. ತೀರಾ ಕಾಯಿಲೆ ಉಲ್ಬಣಿಸಿದ ಮೇಲೆ ಮಾತ್ರ ಬಂದು ತುರ್ತು ಸಾಲಿನಲ್ಲಿ ಬೇಗ ಮುಗಿಸಿಕೊಂಡಿರಬಹುದು.

ಕಿರಣ್_ಎಣಿಕೆ
ರಿಪೋರ್ಟ್ ತಡವಾಗುವುದಕ್ಕೆ ಎಐ ಹಾಕಿದರೆ ಈ ಸಮಸ್ಯೆ ಬಹುಪಾಲು ಮುಗಿಯುವುದಿಲ್ಲವೇ? ಸ್ವೀಡನ್ನಿನ ಮಸಾಯ್ ಅಧ್ಯಯನದಲ್ಲಿ ಓದುವ ಕೆಲಸ 44% ಇಳಿಯಿತಲ್ಲ.

ರೇಡಿಯೋ_ವಿವೇಕ್
ಅದು 80,000ಕ್ಕೂ ಹೆಚ್ಚು ಮಹಿಳೆಯರ ಗಟ್ಟಿ ಅಧ್ಯಯನ, 2023ರಲ್ಲಿ ಪ್ರಕಟವಾಯಿತು. ಆದರೆ ಅದು ಸ್ತನ ಕ್ಯಾನ್ಸರಿನ ಸ್ಕ್ರೀನಿಂಗ್. ಅಲ್ಲಿ ಪ್ರತಿ ಮ್ಯಾಮೋಗ್ರಾಮನ್ನು ಇಬ್ಬರು ಓದುವುದು ಪದ್ಧತಿ, ಅಪಾಯ ಕಡಿಮೆ ಎಂದು ಎಐ ಹೇಳಿದ್ದನ್ನು ಒಬ್ಬರೇ ಓದಿದರು, ಉಳಿತಾಯ ಅಲ್ಲಿಂದ ಬಂತು. ಮೊದಲಿಂದಲೂ ಒಬ್ಬರೇ ಓದುವ ಕಡೆಗೆ ಆ 44% ಹೊತ್ತು ತರಲಾಗದು. ತುರ್ತು ಪ್ರಕರಣಗಳನ್ನು ಮೇಲಕ್ಕೆ ತರುವ ಎಐ ಸಾಲಿನ ಕ್ರಮ ಬದಲಿಸುತ್ತದೆ, ಸಾಲನ್ನು ಮೊಟಕು ಮಾಡುವುದಿಲ್ಲ. ಹಾಗಾಗಿ ಮೇಲೆ ಹೋದವರ ಸಮಯದ ಜೊತೆಗೆ ಕೆಳಗೆ ಸರಿದವರ ಸಮಯವನ್ನೂ ಅಳೆಯಬೇಕು.

ನನಗೆ ಇದಕ್ಕಿಂತ ಹೆಚ್ಚು ಕಾಳಜಿ ಇರುವುದು ರಿಪೋರ್ಟ್ ಹೋದ ಮೇಲಿನ ಹಂತದ ಬಗ್ಗೆ. ಬೇರೆ ಕಾರಣಕ್ಕೆ ಮಾಡಿದ ಸಿಟಿಯಲ್ಲಿ ಶ್ವಾಸಕೋಶದಲ್ಲಿ 7 ಮಿ.ಮೀ. ಗಟ್ಟಿ ಗಂಟು ಕಂಡಿತು ಅನ್ನಿ. ಎದೆಯ ರೇಡಿಯಾಲಜಿ ತಜ್ಞರ ಸಂಘ ಫ್ಲೈಶ್ನರ್ ಸೊಸೈಟಿಯ 2017ರ ಸಲಹೆಯಂತೆ, 35 ದಾಟಿದ, ಕ್ಯಾನ್ಸರ್ ಇಲ್ಲದ, ರೋಗನಿರೋಧಕ ಶಕ್ತಿ ಕುಂದಿಲ್ಲದ ವ್ಯಕ್ತಿಯಲ್ಲಿ 6ರಿಂದ 8 ಮಿ.ಮೀ. ಒಂಟಿ ಗಂಟಿಗೆ 6ರಿಂದ 12 ತಿಂಗಳಲ್ಲಿ ಮತ್ತೆ ಸಿಟಿ. 6ಕ್ಕಿಂತ ಚಿಕ್ಕದು, ಅಪಾಯವೂ ಕಡಿಮೆ ಎಂದರೆ ಏನೂ ಬೇಡ. ಈಗ ರಿಪೋರ್ಟಿನ ಕೊನೆಯ ಸಾಲು ನೋಡಿ. "ಅಗತ್ಯವೆನಿಸಿದಲ್ಲಿ ಮುಂದಿನ ಪರೀಕ್ಷೆ ಪರಿಗಣಿಸಬಹುದು" ಎಂದು ಬರೆದರೆ ಅದನ್ನು ಯಾರೂ ಹಿಂಬಾಲಿಸಲಾರರು. "ಗಂಟಿಗಾಗಿ, ಕಾಂಟ್ರಾಸ್ಟ್ ಇಲ್ಲದ ಕಡಿಮೆ ಡೋಸಿನ ಎದೆ ಸಿಟಿ, 6ರಿಂದ 12 ತಿಂಗಳಲ್ಲಿ" ಎಂದು ಕಾರಣ, ಪರೀಕ್ಷೆ, ಅವಧಿ ಮೂರೂ ಇದ್ದರೆ ಪಟ್ಟಿಗೆ ಹಾಕಬಹುದು, ದಿನ ಮೀರಿದರೆ ಕರೆಯಬಹುದು. ರಿಪೋರ್ಟುಗಳಲ್ಲಿ ಎಷ್ಟಕ್ಕೆ ಈ ಮೂರೂ ಇವೆ, ಅವುಗಳಲ್ಲಿ ಎಷ್ಟು ಅವಧಿ ಮುಗಿದು 30 ದಿನದೊಳಗೆ ನಡೆದವು ಎಂದು ನೋಡುವುದು ನಿಮ್ಮ ಅಧ್ಯಯನದ ಒಂದು ಅಧ್ಯಾಯವೇ ಆಗಬಹುದು. 4 ಮಿ.ಮೀ. ಗಂಟಿಗೆ ಬೇಡದ ಸಿಟಿ ಬರೆದದ್ದೂ ಆಗ ಕಣ್ಣಿಗೆ ಬೀಳುತ್ತದೆ. ಅಂಥ ಒಂದೊಂದೂ ಇನ್ನೊಬ್ಬರ ಸ್ಲಾಟ್.

ಸರದಿ_ಲೆಕ್ಕ
ಬೇಡದ ಸ್ಕ್ಯಾನ್ ತಡೆಯಲು ಕಾನೂನಿನಿಂದ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಓದಿ. ಸ್ಕ್ಯಾನ್ ಬರೆಯುವ ಮುನ್ನ ವೈದ್ಯರು ಆ ಸ್ಕ್ಯಾನ್ ತಕ್ಕದ್ದೇ ಎಂದು ಹೇಳುವ ಮಾನದಂಡಗಳನ್ನು ನೋಡಲೇಬೇಕು ಎಂದು 2014ರ ಕಾನೂನು ಹೇಳಿತು. ಅದನ್ನು ಬಿಲ್ಲಿನ ಮೂಲಕ ಪರಿಶೀಲಿಸುವ ವ್ಯವಸ್ಥೆ ಕೊನೆಗೂ ಕೂಡಿಬರಲಿಲ್ಲ, 2024ರಿಂದ ಕಾರ್ಯಕ್ರಮವನ್ನು ನಿಲ್ಲಿಸಿದರು. ಉದ್ದೇಶ ಒಳ್ಳೆಯದೇ ಇತ್ತು. ಬರೆಯುವವರ ಪರದೆಯಲ್ಲಿ ಎರಡು ಕ್ಲಿಕ್ಕಿನಲ್ಲಿ ಮುಗಿಯದ ಕೆಲಸವನ್ನು ಬಿಲ್ಲಿಂಗಿಗೆ ಕಟ್ಟಿದರೆ ಅದು ಬರೆಯುವವರಿಗೂ ಬಿಲ್ ಮಾಡುವವರಿಗೂ ಹೊರೆ.

ಡೇಟಾ_ಶಾರದಾ
ಬಿಲ್ಲಿನ ಮಾತು ಬಂದದ್ದರಿಂದ ಹೇಳುತ್ತೇನೆ. ಬಿಲ್ಲಿಂಗ್ ದಾಖಲೆಯಿಂದ ವರ್ಷವಾರು ಸ್ಕ್ಯಾನ್ ಎಣಿಸುವವರು ಕೋಡ್ ಬದಲಾವಣೆ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಹೊಟ್ಟೆಯ ಸಿಟಿಗೆ ಒಂದು, ಪೆಲ್ವಿಸ್‌ಗೆ ಒಂದು ಕೋಡ್ ಇದ್ದದ್ದು, ಎರಡನ್ನೂ ಒಟ್ಟಿಗೆ ಮಾಡಿದಾಗ 2011ರಿಂದ ಒಂದೇ ಕೋಡ್ ಆಯಿತು. ಸುಮ್ಮನೆ ಎಣಿಸಿದರೆ ಆ ವರ್ಷ ಸಿಟಿ ಧಡಕ್ಕನೆ ಇಳಿದ ಹಾಗೆ ಕಾಣುತ್ತದೆ. ರೋಗಿಗಳಿಗೆ ಏನೂ ಬದಲಾಗಿಲ್ಲ.

ನಿಮ್ಮ ಮೂರು ಆಸ್ಪತ್ರೆಗಳಲ್ಲಿ ಒಂದರಲ್ಲಿ ಮಾತ್ರ ಫೋನ್ ಕರೆ ವ್ಯವಸ್ಥೆ ಶುರುಮಾಡಿ ಉಳಿದೆರಡನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದು. ಶುರುವಾಗುವ ಮೊದಲು ಮೂರರ ರೇಖೆಗಳೂ ಒಂದೇ ರೀತಿ ಸಾಗುತ್ತಿದ್ದವೇ ಎಂದು ತಿಂಗಳುವಾರು ತೋರಿಸಿ. ಮೊದಲಿನ 24 ತಿಂಗಳು ಕೈಯಲ್ಲಿದ್ದರೆ ರಜೆ, ಹಬ್ಬ, ಮಳೆಗಾಲದ ಏರಿಳಿತ ಎರಡು ಸಲ ಕಾಣುತ್ತದೆ, ಅದನ್ನು ಬದಲಾವಣೆಯ ಪರಿಣಾಮದಿಂದ ಬೇರ್ಪಡಿಸಬಹುದು.

ಅನುಷಾ_ನೀತಿ
ಎಲ್ಲರಿಗೂ ಧನ್ಯವಾದ. ಹಾಗಾದರೆ ಆರ್ಡರ್ ಕಡತದಿಂದ ಶುರುಮಾಡಿ, ಬರೆದದ್ದು, ಒಪ್ಪಿದ್ದು, ದಿನ ಕೊಟ್ಟದ್ದು, ಸ್ಕ್ಯಾನ್, ಸಹಿ, ವೈದ್ಯರು ತೆರೆದದ್ದು ಎಂದು ಪ್ರತಿ ಹಂತವನ್ನೂ ಬೇರೆ ಬೇರೆ ಅಳೆಯುತ್ತೇನೆ. ಒಂದೇ ತೊಡಕು, ರದ್ದಿನ ಕಾರಣ ಕೋಡ್ ಆಗಿಲ್ಲ, ಸಿಬ್ಬಂದಿ ಕೈಯಾರೆ ಟೈಪ್ ಮಾಡಿದ ಬರಹ. ಸಾವಿರಗಟ್ಟಲೆ ಇದೆ.

ಡೇಟಾ_ಶಾರದಾ
ಅದರಿಂದ 200 ಸಾಲುಗಳನ್ನು ಯಾದೃಚ್ಛಿಕವಾಗಿ ಆರಿಸಿ. ಮಂಜು ಅವರು ಹೇಳಿದ ನಾಲ್ಕು ಗುಂಪು, ಜೊತೆಗೆ "ಬೇರೆ ಕಡೆ ಆಯಿತು", "ತೀರಿಹೋದರು", "ಗೊತ್ತಾಗುವುದಿಲ್ಲ" ಎಂಬ ಮೂರು ಇಟ್ಟುಕೊಳ್ಳಿ. ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಗುಂಪು ಹಾಕಲಿ, ಕಪ್ಪಾ (ಇಬ್ಬರ ಉತ್ತರ ಎಷ್ಟು ಹೊಂದುತ್ತದೆ ಎಂಬ ಅಳತೆ, 1 ಎಂದರೆ ಪೂರ್ತಿ) 0.8ರ ಆಸುಪಾಸು ಬರುವವರೆಗೆ ವ್ಯಾಖ್ಯೆ ತಿದ್ದಿ ಹೊಸ 200 ಸಾಲು ತೆಗೆದು ಮತ್ತೆ ಮಾಡಿ. ಆಮೇಲೆ ಉಳಿದದ್ದಕ್ಕೆ ಪದ ಹುಡುಕುವ ನಿಯಮ ಬರೆಯಿರಿ.

ಟೆಕ್_ಮಂಜು
ಕೋಡ್ ಮಾಡುವ ಇಬ್ಬರಲ್ಲಿ ಒಬ್ಬರು ಸ್ಕ್ಯಾನ್ ಕೋಣೆಯಲ್ಲಿ ಕೆಲಸ ಮಾಡುವವರಾಗಿರಲಿ. "ಪೇಷಂಟ್ ನಾಟ್ ರೆಡಿ" ಎಂದು ಬರೆದಿದ್ದರೆ ಹೊರಗಿನವರು ಅದನ್ನು ರೋಗಿಯ ಲೆಕ್ಕಕ್ಕೆ ಹಾಕುತ್ತಾರೆ. ಹೆಚ್ಚಿನ ಸಲ ಅದರ ಅರ್ಥ ವಾರ್ಡಿನಿಂದ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿ ಕಳಿಸಿಲ್ಲ, ಅಥವಾ ಸಿಟಿ ಆಂಜಿಯೋಗೆ (ರಕ್ತನಾಳಗಳ ಸಿಟಿ) ಬೇಕಾದ ದಪ್ಪದ್ದು ಹಾಕಿಲ್ಲ ಎಂದು. ಅದು "ವಾಪಸ್ ಕಳಿಸಿದೆವು" ಗುಂಪಿಗೆ ಹೋಗಬೇಕು.